ದೋಣಿಯೂ ಅಂಬಿಗನೂ

ಮಾನವನ ಇತಿಹಾಸವೆಂದರೆ ಒಂದು ಬಗೆಯಲ್ಲಿ ಉಪಕರಣಗಳ ಇತಿಹಾಸವೇ ಸರಿ. ಕಲ್ಲಿನ ಕೊಡಲಿಯಿಂದ ಮೊದಲುಗೊಂಡು ಅಂಗೈಯಗಲದ ಸ್ಮಾರ್ಟ್‌ಫೋನಿನವರೆಗೆ ಅವನು ಅಸಂಖ್ಯ ಸಾಧನಗಳನ್ನು ನಿರ್ಮಿಸಿಕೊಂಡಿದ್ದಾನೆ. ಆದರೆ ಒಂದು ಸಾಧನ ಹುಟ್ಟಿದ ಮಾತ್ರಕ್ಕೆ ಅದು ಎಲ್ಲರ ಸ್ವತ್ತಾಗುವುದಿಲ್ಲ. ಅದನ್ನು ಕೊಳ್ಳುವ ಶಕ್ತಿ ಬೇಕು. ಬಳಸುವ ತಿಳಿವಳಿಕೆ ಬೇಕು. ಇವೆರಡಕ್ಕೂ ಮಿಗಿಲಾಗಿ, ‘ಇದು ನನ್ನದೂ ಹೌದು, ಇದರಿಂದ ನನಗೆ ಕೇಡಾಗದು’ ಎಂಬ ನಂಬಿಕೆ ಬೇಕು. ಹಣವನ್ನು ಸಾಲವಾಗಿ ಪಡೆಯಬಹುದು, ತಿಳಿವಳಿಕೆಯನ್ನು ಇನ್ನೊಬ್ಬರಿಂದ ಕಲಿಯಬಹುದು. ನಂಬಿಕೆಯಾದರೋ ಅನುಭವದಿಂದ ಮಾತ್ರವೇ ಬೆಳೆಯತಕ್ಕ ವಸ್ತು. 2020ರಲ್ಲಿ ಕೋವಿಡ್-19 ಎಂಬ ಮಹಾಮಾರಿ ಜಗತ್ತನ್ನು ಆವರಿಸಿದಾಗ, ಬಡವರು, ಅನಕ್ಷರಸ್ಥರು, ಮಹಿಳೆಯರು, ವೃದ್ಧರು, ಅಂಗವಿಕಲರು ಮುಂತಾದ ದುರ್ಬಲ ವರ್ಗದ ಜನ ಡಿಜಿಟಲ್ ತಂತ್ರಜ್ಞಾನವನ್ನು ನೋಡುವ ದೃಷ್ಟಿಯೇ ಬದಲಾಗತೊಡಗಿತು. ಆ ಬದಲಾವಣೆಯ ಸ್ವರೂಪವೇನು, ಅದಕ್ಕೆ ಕಾರಣವೇನು ಎಂಬುದನ್ನು ನಮ್ಮ ದೇಶದ, ನಮ್ಮ ರಾಜ್ಯದ ನಿದರ್ಶನಗಳಿಂದ ಇಲ್ಲಿ ವಿಚಾರ ಮಾಡೋಣ.

ಸಾಂಕ್ರಾಮಿಕ ರೋಗವೊಂದು ಹೊಸ ಸಾಧನಗಳನ್ನು ಬಳಕೆಗೆ ತರುವುದು ಇದೇ ಮೊದಲಲ್ಲ. 1898ರಲ್ಲಿ ಬೆಂಗಳೂರಿನ ಮೇಲೆ ಪ್ಲೇಗು ಎರಗಿತು. ಬಸವನಗುಡಿ, ಮಲ್ಲೇಶ್ವರ ಎಂಬ ವಿಶಾಲವಾದ ಬೀದಿಗಳ ಬಡಾವಣೆಗಳು ತಲೆಯೆತ್ತಿದ್ದು ಆ ಕಾಲದಲ್ಲಿ. ರೋಗ ನಿವಾರಣೆಯ ಕಾರ್ಯಗಳನ್ನು ಹೊಂದಿಸಿಕೊಳ್ಳಲು ನಗರದಲ್ಲಿ ದೂರವಾಣಿಯ ತಂತಿಗಳನ್ನು ಎಳೆದದ್ದೂ ಆಗಲೇ. ಆದರೆ ಆ ದೂರವಾಣಿ ಇದ್ದದ್ದು ಅಧಿಕಾರಿಗಳ ಮೇಜಿನ ಮೇಲೆ. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ವಾಸಿಸುತ್ತಿದ್ದ ಕೂಲಿಕಾರನ ಗುಡಿಸಲಿನಲ್ಲಿ ಅಲ್ಲ. ಆ ಸಾಧನದ ಬಗೆಗೆ ಅವನ ಅಭಿಪ್ರಾಯವೇನೆಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಸಂದರ್ಭವೂ ಬರಲಿಲ್ಲ. 2020ರ ಸ್ಥಿತಿ ಹಾಗಿರಲಿಲ್ಲ. ಈ ಬಾರಿ ಪಡಿತರ, ಪಾಠ, ಪರಿಹಾರಧನ, ಕೊನೆಗೆ ಲಸಿಕೆಯವರೆಗೆ ಎಲ್ಲವೂ ಒಂದು ಪುಟ್ಟ ಪರದೆಯ ಮೂಲಕ ಹಾದು ಬರತೊಡಗಿತು. ಆದುದರಿಂದ ಆ ಪರದೆಯ ಮುಂದೆ ಕಡುಬಡವನೂ ನಿಲ್ಲಲೇಬೇಕಾಯಿತು.

ಮಹಾಮಾರಿಗೆ ಮುನ್ನ ಪರಿಸ್ಥಿತಿ ಹೇಗಿತ್ತು? 2017-18ರಲ್ಲಿ ರಾಷ್ಟ್ರೀಯ ಅಂಕಿ-ಅಂಶ ಕಚೇರಿ ನಡೆಸಿದ ಸಮೀಕ್ಷೆಯಂತೆ, ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಗಣಕಯಂತ್ರ ಇದ್ದದ್ದು ನೂರಕ್ಕೆ 4.4ರಷ್ಟು ಮನೆಗಳಲ್ಲಿ ಮಾತ್ರ. ನಗರಗಳಲ್ಲಿ ಅದು 23.4. ಅಂತರ್ಜಾಲದ ಸೌಲಭ್ಯ ಗ್ರಾಮಗಳಲ್ಲಿ ನೂರಕ್ಕೆ ಸುಮಾರು 15 ಮನೆಗಳಿಗೆ, ನಗರಗಳಲ್ಲಿ 42 ಮನೆಗಳಿಗೆ ಇತ್ತು. ಊರು-ಕೇರಿಗಳ ನಡುವೆ ಇರುವಂತೆ ಗಂಡು-ಹೆಣ್ಣಿನ ನಡುವೆಯೂ ಅಂತರವಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ ಪುರುಷರು ನೂರಕ್ಕೆ 57 ಆಗಿದ್ದರೆ, ಮಹಿಳೆಯರು 33 ಮಾತ್ರ.

ಈ ಅಂಕಿಗಳ ಹಿಂದೆ ಒಂದು ಮನಃಸ್ಥಿತಿಯಿದೆ. ‘ಅದೆಲ್ಲ ಓದಿದವರಿಗೆ’, ‘ನಮ್ಮಂಥವರಿಗೆ ಯಾಕೆ ಬೇಕು’ ಎಂಬ ಮಾತು ಹಳ್ಳಿಯ ಜಗಲಿಯಲ್ಲಿಯೂ ನಗರದ ಕೊಳೆಗೇರಿಯಲ್ಲಿಯೂ ಸಾಮಾನ್ಯವಾಗಿ ಕೇಳಿಬರುತ್ತಿತ್ತು. ಇದನ್ನು ಸೋಮಾರಿತನವೆಂದೋ ಮೌಢ್ಯವೆಂದೋ ತಳ್ಳಿಹಾಕುವುದು ತರವಲ್ಲ. ದಿನಗೂಲಿಯಿಂದ ಬದುಕುವವನಿಗೆ ಒಂದು ಗುಂಡಿಯನ್ನು ತಪ್ಪಾಗಿ ಒತ್ತಿದರೆ ಆಗುವ ನಷ್ಟ ಒಂದು ಹೊತ್ತಿನ ಊಟದಷ್ಟಾಗಬಹುದು. ಉಳ್ಳವನು ತಪ್ಪು ಮಾಡಿ ಕಲಿಯುತ್ತಾನೆ; ಇಲ್ಲದವನಿಗೆ ತಪ್ಪು ಮಾಡುವ ಅನುಕೂಲವೇ ಇಲ್ಲ. ಮೇಲಾಗಿ, ಪರದೆಯ ಮೇಲಿನ ಅಕ್ಷರಗಳು ಬಹುಪಾಲು ಇಂಗ್ಲಿಷಿನವು. ಕನ್ನಡವನ್ನೇ ಓದಲಾರದವರ ಪಾಲಿಗೆ ಅವು ಬರಿಯ ಗೀಟುಗಳು. ಹೀಗಾಗಿ ಬಡವನ ಹಿಂಜರಿಕೆ ಒಂದು ಬಗೆಯ ಲೆಕ್ಕಾಚಾರವೇ ಆಗಿತ್ತು.

2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಅಂಗಡಿ-ಸಂತೆಗಳು ಮುಚ್ಚಿದವು, ಬಸ್ಸು-ರೈಲುಗಳು ನಿಂತವು. ಆಗ ಸರ್ಕಾರದ ನೆರವು ಜನರನ್ನು ತಲುಪಬೇಕಾದ ದಾರಿ ಬಹುಮಟ್ಟಿಗೆ ಡಿಜಿಟಲ್ ದಾರಿಯೇ ಆಯಿತು. ಮಹಿಳೆಯರ ಜನಧನ ಖಾತೆಗಳಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500 ರೂಪಾಯಿಗಳನ್ನು ಕೇಂದ್ರ ಸರ್ಕಾರ ಜಮಾ ಮಾಡಿತು. ಕರ್ನಾಟಕದಲ್ಲಿ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ, ಅಗಸರಿಗೆ, ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಪರಿಹಾರವನ್ನು 2020ರ ಮೇ ತಿಂಗಳಲ್ಲಿ ಘೋಷಿಸಲಾಯಿತು. ಚಾಲಕರು ಅದಕ್ಕಾಗಿ ‘ಸೇವಾ ಸಿಂಧು’ ಜಾಲತಾಣದಲ್ಲಿ ಅರ್ಜಿ ಹಾಕಬೇಕಾಯಿತು. ಅಲ್ಲಿಯವರೆಗೆ ‘ನಮಗೆ ಯಾಕೆ’ ಎನ್ನುತ್ತಿದ್ದವರು ‘ನಮಗೆ ಹೇಗೆ’ ಎಂದು ಕೇಳತೊಡಗಿದರು. ಎರಡು ಪ್ರಶ್ನೆಗಳಿಗೂ ನಡುವೆ ಒಂದು ಪದದ ಅಂತರವಷ್ಟೇ ಇರಬಹುದು. ಆದರೆ ಮನೋಧರ್ಮದಲ್ಲಿ ಅದು ಬಹಳ ದೊಡ್ಡ ಅಂತರ.

ಬೀದಿಬದಿಯ ವ್ಯಾಪಾರವನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಫೋನಿನಿಂದ ಫೋನಿಗೆ ಹಣ ಸಲ್ಲಿಸುವ ಯು.ಪಿ.ಐ. ವ್ಯವಸ್ಥೆ 2016ರಲ್ಲಿಯೇ ಆರಂಭವಾಗಿತ್ತು. ಲಾಕ್‌ಡೌನಿನ ಮೊದಲ ತಿಂಗಳಾದ 2020ರ ಏಪ್ರಿಲ್‌ನಲ್ಲಿ ವ್ಯಾಪಾರವೇ ಸ್ತಬ್ಧವಾಗಿದ್ದರಿಂದ ಅದರ ವಹಿವಾಟುಗಳು ಸುಮಾರು 100 ಕೋಟಿಗೆ ಇಳಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವು 200 ಕೋಟಿಯನ್ನು ಮೀರಿದವು. ಮರುವರ್ಷದ ಅಕ್ಟೋಬರ್‌ನಲ್ಲಿ 420 ಕೋಟಿಯನ್ನು ದಾಟಿದವು. ನೋಟನ್ನು ಮುಟ್ಟಿದರೆ ರೋಗ ತಗುಲೀತೆಂಬ ಭಯ ಇದಕ್ಕೆ ಒಂದು ಕಾರಣ. ಗಿರಾಕಿ ಬೇರೆ ಅಂಗಡಿಗೆ ಹೋದಾನೆಂಬ ಭಯ ಇನ್ನೊಂದು ಕಾರಣ. ಸೊಪ್ಪು ಮಾರುವವರ ತಳ್ಳುಗಾಡಿಯ ಮೇಲೂ, ಎಳನೀರಿನ ರಾಶಿಯ ಪಕ್ಕದಲ್ಲಿಯೂ ಕಪ್ಪು-ಬಿಳುಪಿನ ಚೌಕಗಳ ಕ್ಯು.ಆರ್. ಹಲಗೆ ಕಾಣಿಸಿಕೊಂಡಿತು. 2020ರ ಜೂನ್‌ನಲ್ಲಿ ಆರಂಭವಾದ ‘ಪಿ.ಎಂ. ಸ್ವನಿಧಿ’ ಯೋಜನೆ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿಗಳವರೆಗೆ ಸಾಲ ನೀಡಿ, ಡಿಜಿಟಲ್ ವಹಿವಾಟು ನಡೆಸಿದವರಿಗೆ ಸಣ್ಣ ಪ್ರೋತ್ಸಾಹಧನವನ್ನೂ ಕೊಟ್ಟಿತು.

ಆದರೆ ಭಯವೂ ಪ್ರೋತ್ಸಾಹಧನವೂ ಸೇರಿ ಒಂದು ಹಲಗೆಯನ್ನು ನೇತುಹಾಕಿಸಬಹುದಲ್ಲದೆ ನಂಬಿಕೆಯನ್ನು ಹುಟ್ಟಿಸಲಾರವು. ‘ಹಣ ಬಂತೋ ಇಲ್ಲವೋ’ ಎಂಬ ಸಂಶಯ ಓದುಬಾರದ ವ್ಯಾಪಾರಿಯನ್ನು ಕಾಡುತ್ತಲೇ ಇತ್ತು. ಗಿರಾಕಿ ತನ್ನ ಫೋನನ್ನು ಎತ್ತಿ ತೋರಿಸಿದರೆ ಅದರಲ್ಲಿರುವುದನ್ನು ಓದುವವರು ಯಾರು? ಬಂದ ಹಣದ ಮೊತ್ತವನ್ನು ಗಟ್ಟಿಯಾಗಿ ಕೂಗಿ ಹೇಳುವ ಪುಟ್ಟ ಧ್ವನಿಪೆಟ್ಟಿಗೆ ಬಂದ ಮೇಲೆ ಆ ಸಂಶಯ ಬಹುಮಟ್ಟಿಗೆ ತೊಲಗಿತು. ಅಕ್ಷರ ಮಾಡಲಾರದ ಕೆಲಸವನ್ನು ಸದ್ದು ಮಾಡಿತು. ಬಳಸುವವನ ಕೊರತೆಗೆ ತಕ್ಕಂತೆ ಯಂತ್ರವೇ ಬಾಗಿದಾಗ ಮನುಷ್ಯ ಅದರತ್ತ ಒಲಿಯುತ್ತಾನೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಅಂತರ್ಜಾಲವಿಲ್ಲದ ಸಾಮಾನ್ಯ ಫೋನಿನಿಂದಲೂ ಹಣ ಕಳುಹಿಸುವ ವ್ಯವಸ್ಥೆಯನ್ನು ಭಾರತೀಯ ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಉದ್ಘಾಟಿಸಿದ್ದು ಇದೇ ದಿಕ್ಕಿನ ಮತ್ತೊಂದು ಹೆಜ್ಜೆ.

ಇನ್ನು ಶಿಕ್ಷಣದ ಮಾತು. ಇದು ನಿಮಗೆ ಸಮೀಪದ ವಿಷಯ. ಶಾಲೆಗಳ ಬಾಗಿಲು ಮುಚ್ಚಿದಾಗ ನಿಮ್ಮಲ್ಲಿ ಅನೇಕರು ಚಿಕ್ಕ ತರಗತಿಗಳಲ್ಲಿದ್ದಿರಿ. ಅದುವರೆಗೆ ಫೋನೆಂದರೆ ಮಕ್ಕಳನ್ನು ಕೆಡಿಸುವ ವಸ್ತುವೆಂದು ಬಗೆದಿದ್ದ ತಂದೆತಾಯಿಗಳೇ, ಇದ್ದ ಕುರಿಯನ್ನೋ ಕಿವಿಯ ಓಲೆಯನ್ನೋ ಮಾರಿಯಾದರೂ ಫೋನು ಕೊಳ್ಳಬೇಕಾದ ಒತ್ತಡಕ್ಕೆ ಸಿಲುಕಿದರು. ಗ್ರಾಮೀಣ ಭಾರತದ ಶಾಲಾ ಮಕ್ಕಳ ಕುರಿತ ‘ಅಸರ್’ ವರದಿಗಳು ಈ ಬದಲಾವಣೆಯನ್ನು ಅಂಕಿಗಳಲ್ಲಿ ಹೇಳುತ್ತವೆ. 2018ರಲ್ಲಿ ನೂರಕ್ಕೆ 36.5ರಷ್ಟು ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು, 2020ರಲ್ಲಿ 61.8, 2021ರಲ್ಲಿ 67.6. ಮೂರೇ ವರ್ಷಗಳಲ್ಲಿ ಈ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆದರೆ ಅದೇ 2021ರ ವರದಿ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ಮಕ್ಕಳಲ್ಲಿಯೂ ನೂರಕ್ಕೆ 26ರಷ್ಟು ಮಕ್ಕಳಿಗೆ ಅದು ಓದಿಗೆ ದೊರೆಯುತ್ತಲೇ ಇರಲಿಲ್ಲ. ತಂದೆ ಕೆಲಸಕ್ಕೆ ಹೋದರೆ ಫೋನೂ ಅವನ ಜೇಬಿನಲ್ಲಿಯೇ ಹೋಗುತ್ತಿತ್ತು. ಇದ್ದ ಒಂದು ಫೋನು ಅಣ್ಣನ ಕೈ ಸೇರಿದರೆ ತಂಗಿ ತನ್ನ ಸರದಿಗಾಗಿ ಕಾಯಬೇಕಾಗುತ್ತಿತ್ತು. ಮನೆಗೆ ಬಂದ ವಸ್ತು ಮನೆಯವರೆಲ್ಲರ ಕೈಗೂ ಬಂದಂತಲ್ಲ.

ಈ ಕೊರತೆಯನ್ನು ಕಂಡುಕೊಂಡ ಪ್ರಯತ್ನವೊಂದು ನಮ್ಮ ರಾಜ್ಯದಲ್ಲಿ ನಡೆಯಿತು. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಮಕ್ಕಳನ್ನು ಅವರಿಗೆ ದೊರೆಯುವ ಸಾಧನಗಳಿಗೆ ಅನುಗುಣವಾಗಿ ವಿಂಗಡಿಸಲಾಯಿತು: ಅಂತರ್ಜಾಲ ಸಹಿತ ಫೋನು ಉಳ್ಳವರು, ಸಾಮಾನ್ಯ ಫೋನು ಉಳ್ಳವರು, ಯಾವ ಸಾಧನವೂ ಇಲ್ಲದವರು. ಏನೂ ಇಲ್ಲದ ಮಕ್ಕಳ ಬಳಿಗೆ ಉಪಾಧ್ಯಾಯರೇ ನಡೆದು ಹೋದರು. ಊರಿನ ಅರಳಿಕಟ್ಟೆ, ದೇವಸ್ಥಾನದ ಅಂಗಳ, ಸಮುದಾಯ ಭವನಗಳು ತರಗತಿಗಳಾದವು. ಚಂದನ ದೂರದರ್ಶನ ವಾಹಿನಿಯಲ್ಲಿಯೂ ಪಾಠಗಳು ಪ್ರಸಾರವಾದವು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತು, 2021ರ ಜನವರಿಯಲ್ಲಿ ಮತ್ತೆ ಮೊದಲಾಯಿತು. ಅದರ ಅವಧಿ ಅಲ್ಪವಾದರೂ ಅದು ಕಲಿಸಿದ ಪಾಠ ಅಲ್ಪವಲ್ಲ. ಪರದೆಯ ಮೇಲೆ ಅರ್ಥವಾಗದ ಲೆಕ್ಕವನ್ನು ಕಟ್ಟೆಯ ಮೇಲೆ ಕುಳಿತು ಬಿಡಿಸಿ ಹೇಳುವ ಗುರು ಇದ್ದಾಗ, ಆ ಪರದೆಯೂ ಉಪಯುಕ್ತವೆಂದು ಮಗುವಿಗೆ ತೋರುತ್ತದೆ. ಗುರುವಿಲ್ಲದ ಪರದೆ ಬಹುಬೇಗ ಆಟಿಕೆಯಾಗುತ್ತದೆ.

ತಂತ್ರಜ್ಞಾನದ ಮೇಲಣ ನಂಬಿಕೆ ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದದ್ದು ಲಸಿಕೆಯ ಕಾಲದಲ್ಲಿ. ಭಾರತದಲ್ಲಿ 2021ರ ಜನವರಿ 16ರಂದು ಲಸಿಕೆ ಹಾಕುವ ಕಾರ್ಯ ಆರಂಭವಾಯಿತು. ಮೇ 1ರಿಂದ 18ರಿಂದ 44 ವರ್ಷದವರಿಗೂ ಅದು ವಿಸ್ತರಿಸಿತು. ಆದರೆ ಆ ವಯಸ್ಸಿನವರು ‘ಕೋವಿನ್’ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಳ್ಳಲೇಬೇಕೆಂಬ ನಿಯಮವಿತ್ತು. ಆ ತಾಣದ ಭಾಷೆ ಆಗ ಇಂಗ್ಲಿಷ್. ಇದ್ದ ಲಸಿಕೆ ಕಡಿಮೆ, ಬೇಕೆನ್ನುವವರು ಕೋಟ್ಯಂತರ. ವೇಗದ ಅಂತರ್ಜಾಲವೂ ಚುರುಕಾದ ಬೆರಳುಗಳೂ ಉಳ್ಳವರು ಕ್ಷಣಮಾತ್ರದಲ್ಲಿ ಸ್ಥಳ ಹಿಡಿದರು. ಕಟ್ಟಡದ ಕೂಲಿಗಾರ, ಮನೆಗೆಲಸದ ಹೆಂಗಸು, ದೃಷ್ಟಿಹೀನರು ಹಿಂದುಳಿದರು. ಜೀವ ಉಳಿಸುವ ವಸ್ತು ಆಸ್ಪತ್ರೆಯಲ್ಲಿದೆ. ಆದರೆ ಅದರ ಬಾಗಿಲಿಗೆ ಹಾಕಿದ ಬೀಗ ಫೋನಿನೊಳಗಿದೆ! ಇಂಥ ಸನ್ನಿವೇಶದಲ್ಲಿ ಬಡವನಿಗೆ ತಂತ್ರಜ್ಞಾನದ ಮೇಲೆ ಒಲವು ಮೂಡುವುದೆಂತು?

ದೇಶದ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣವೊಂದರಲ್ಲಿ ಪರಿಶೀಲಿಸಿತು. 2021ರ ಮೇ 31ರ ಆದೇಶದಲ್ಲಿ, ಕೇವಲ ಡಿಜಿಟಲ್ ತಾಣವನ್ನೇ ಅವಲಂಬಿಸಿದ ಲಸಿಕಾ ನೀತಿಯಿಂದ ಎಲ್ಲರಿಗೂ ಲಸಿಕೆ ನೀಡುವ ಗುರಿ ಸಾಧ್ಯವಾಗದಿರಬಹುದೆಂದೂ, ಅದರ ಭಾರ ಸಮಾಜದ ದುರ್ಬಲರ ಮೇಲೆಯೇ ಬೀಳುವುದೆಂದೂ ಅದು ಎಚ್ಚರಿಸಿತು. ದೃಷ್ಟಿಹೀನರ ತೊಡಕುಗಳನ್ನೂ ಅದು ಗುರುತಿಸಿತು. ಅಷ್ಟರಲ್ಲಿಯೇ ಸರ್ಕಾರಿ ಲಸಿಕಾ ಕೇಂದ್ರಗಳಲ್ಲಿ ಸ್ಥಳದಲ್ಲೇ ಹೆಸರು ನೋಂದಾಯಿಸಲು ಅವಕಾಶ ದೊರೆಯತೊಡಗಿತ್ತು. ಜೂನ್‌ನಲ್ಲಿ ಆ ತಾಣ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಬಂದಿತು. ಜೂನ್ 21ರಿಂದ ಹದಿನೆಂಟು ತುಂಬಿದ ಎಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಲಸಿಕೆ ದೊರೆಯಿತು. ಮುಂಚಿತ ನೋಂದಣಿಯ ಕಡ್ಡಾಯವೂ ತಪ್ಪಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿ ಕರೆತಂದರು. ಅದೇ ವರ್ಷದ ಅಕ್ಟೋಬರ್ 21ರಂದು ದೇಶದಲ್ಲಿ ಹಾಕಿದ ಲಸಿಕೆಯ ಪ್ರಮಾಣ 100 ಕೋಟಿ ದಾಟಿತು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕೋವಿನ್ ತಾಣವನ್ನು ಕಿತ್ತುಹಾಕಲಿಲ್ಲ. ಲೆಕ್ಕವಿಡಲು, ಪ್ರಮಾಣಪತ್ರ ಕೊಡಲು ಅದು ಇದ್ದೇ ಇತ್ತು. ಬದಲಾದದ್ದು ಇಷ್ಟೇ: ಜನರು ಯಂತ್ರದ ಬಳಿಗೆ ಹೋಗಬೇಕೆಂಬ ಕಟ್ಟಳೆ ಸಡಿಲವಾಗಿ, ಯಂತ್ರವನ್ನು ಬಲ್ಲವರು ಜನರ ಬಳಿಗೆ ಬಂದರು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ತಿಳಿದೇ ಇದೆ. ಮೊದಲ ದಿನವೇ ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲಿನ ಬಟ್ಟಲನ್ನು ಕಂಡರೆ ಓಡಿಹೋಗುತ್ತಿತ್ತು. ಹಾಲಿನಲ್ಲಿ ದೋಷವಿರಲಿಲ್ಲ, ಬೆಕ್ಕಿನಲ್ಲಿಯೂ ಇರಲಿಲ್ಲ. ದೋಷವಿದ್ದದ್ದು ಹಾಲನ್ನು ಅದರ ಮುಂದೆ ಇಟ್ಟ ರೀತಿಯಲ್ಲಿ. ಮಹಾಮಾರಿಯ ನಂತರ ಮೋಸಗಾರರು ಇಂಥ ಕುದಿಹಾಲನ್ನು ಹಲವರ ಮುಂದೆ ಇಟ್ಟಿದ್ದಾರೆ. ಬ್ಯಾಂಕಿನವರೆಂದು ಹೇಳಿಕೊಂಡು ಫೋನು ಮಾಡಿ, ಗುಪ್ತಸಂಖ್ಯೆಯನ್ನು ಕೇಳಿ ಪಡೆದು, ಹೊಸದಾಗಿ ಫೋನು ಹಿಡಿದವರ ಉಳಿತಾಯವನ್ನು ದೋಚುವ ಘಟನೆಗಳು ನಡೆಯುತ್ತಲೇ ಇವೆ. ಇಂಥ ವಂಚನೆಯನ್ನು ಕೂಡಲೇ ತಿಳಿಸಲು 1930 ಎಂಬ ಸಹಾಯವಾಣಿಯಿದೆ. ಒಮ್ಮೆ ಮೋಸಹೋದವರು ಮತ್ತೆ ಫೋನನ್ನು ಮುಟ್ಟಲು ಅಂಜುವುದು ಸಹಜ. ಅವರನ್ನು ನಗೆಪಾಟಲು ಮಾಡುವುದು ಅನ್ಯಾಯ.

ಮೋಸವೇ ಆಗಬೇಕೆಂದಿಲ್ಲ; ಅನಿಶ್ಚಿತತೆಯೂ ನಂಬಿಕೆಯನ್ನು ಅಲುಗಾಡಿಸುತ್ತದೆ. 2025ರ ಜುಲೈನಲ್ಲಿ, ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ಕರ್ನಾಟಕದ ಸಾವಿರಾರು ವ್ಯಾಪಾರಿಗಳಿಗೆ ತೆರಿಗೆಯ ನೋಟಿಸುಗಳು ಬಂದವು. ಬೆಂಗಳೂರಿನ ಹಲವಾರು ಸಣ್ಣ ಅಂಗಡಿಗಳಲ್ಲಿ ಕ್ಯು.ಆರ್. ಹಲಗೆ ಮಾಯವಾಗಿ, ‘ಯು.ಪಿ.ಐ. ಇಲ್ಲ, ನಗದು ಮಾತ್ರ’ ಎಂಬ ಬರಹ ಕಾಣಿಸಿಕೊಂಡಿತು. ಸರ್ಕಾರ ವ್ಯಾಪಾರಿಗಳೊಂದಿಗೆ ಮಾತುಕತೆ ನಡೆಸಿ ರಿಯಾಯಿತಿಯ ಭರವಸೆ ನೀಡಬೇಕಾಯಿತು. ತೆರಿಗೆ ಕೊಡುವುದು ನಾಗರಿಕನ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ನಿಯಮ ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಸರಳವಾದ ಮಾತಿನಲ್ಲಿ ಮೊದಲೇ ತಿಳಿಸದಿದ್ದರೆ, ಐದು ವರ್ಷಗಳಲ್ಲಿ ಬೆಳೆದ ನಂಬಿಕೆ ಐದು ದಿನಗಳಲ್ಲಿ ಕುಸಿಯಬಲ್ಲದು ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಒಮ್ಮೆ ಬದಲಾದ ಮನೋಭಾವ ಸ್ಥಿರವಾಗಿ ನಿಲ್ಲುವುದೆಂದು ಭಾವಿಸಬಾರದು.

ಈ ನಿದರ್ಶನಗಳಿಂದ ನಾವು ತಿಳಿಯತಕ್ಕದ್ದು ಏನು? ಮಹಾಮಾರಿ ದುರ್ಬಲ ವರ್ಗದ ಜನರನ್ನು ತಂತ್ರಜ್ಞಾನದ ದಡಕ್ಕೆ ತಂದು ನಿಲ್ಲಿಸಿತು. ಆದರೆ ಹೊಳೆ ದಾಟಿಸಿದ್ದು ಅದಲ್ಲ. ತುಂಬಿ ಹರಿಯುವ ಹೊಳೆಯ ದಡದಲ್ಲಿ ಒಂದು ದೋಣಿಯನ್ನು ಕಟ್ಟಿ ಹೋದರೆ, ಹುಟ್ಟು ಹಾಕಲು ಬಲ್ಲವನು ಮಾತ್ರ ದಾಟುತ್ತಾನೆ. ಉಳಿದವರು ಆ ದೋಣಿಯನ್ನು ಕಂಡು ಇನ್ನಷ್ಟು ನಿರಾಶರಾಗುತ್ತಾರೆ. ದೋಣಿಯ ಜೊತೆಗೆ ಅಂಬಿಗನೂ ಇದ್ದರೆ ಎಲ್ಲರೂ ದಾಟುತ್ತಾರೆ. ಅರಳಿಕಟ್ಟೆಯ ಉಪಾಧ್ಯಾಯರು, ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ, ಅರ್ಜಿ ತುಂಬಿಕೊಟ್ಟ ನೆರೆಯವರು, ಇವರೆಲ್ಲ ಅಂಬಿಗರೇ. ಎಲ್ಲಿ ಅಂಬಿಗರಿದ್ದರೋ ಅಲ್ಲಿ ಭಯ ನಂಬಿಕೆಯಾಗಿ ಮಾರ್ಪಟ್ಟಿತು. ಎಲ್ಲಿ ಇರಲಿಲ್ಲವೋ ಅಲ್ಲಿ ಭಯದ ಮೇಲೆ ಕಹಿಯೂ ಸೇರಿಕೊಂಡಿತು. ಬಡವರು ಹೊಸತನ್ನು ಒಪ್ಪುವುದಿಲ್ಲವೆಂಬ ಮಾತು ಸುಳ್ಳು. ತಮ್ಮನ್ನು ಕೈಬಿಡದ ಹೊಸತನ್ನು ಅವರು ಎಲ್ಲರಿಗಿಂತ ಬೇಗ ಒಪ್ಪುತ್ತಾರೆ.

ಇಂದು ಅನೇಕ ಮನೆಗಳಲ್ಲಿ ಫೋನನ್ನು ಚೆನ್ನಾಗಿ ಬಲ್ಲವರು ನಿಮ್ಮ ವಯಸ್ಸಿನ ಮಕ್ಕಳೇ. ಅಜ್ಜಿಯ ಪಿಂಚಣಿ ಬಂದಿದೆಯೇ ಎಂದು ನೋಡುವವರು, ಅಪ್ಪನಿಗೆ ಬಂದ ಸಂದೇಶವನ್ನು ಓದಿ ಹೇಳುವವರು ನೀವೇ ಆಗಿರಬಹುದು. ಇದು ಸಣ್ಣ ಅಧಿಕಾರವಲ್ಲ. ಅಂಬಿಗನು ಮನಸ್ಸು ಮಾಡಿದರೆ ನಡುಹೊಳೆಯಲ್ಲಿ ಕೂಲಿಯನ್ನು ಹೆಚ್ಚಿಸಬಲ್ಲ. ಮನಸ್ಸು ಮಾಡಿದರೆ ದೋಣಿಯಲ್ಲಿರುವವರಿಗೆ ಹುಟ್ಟು ಹಾಕುವುದನ್ನು ಕಲಿಸಬಲ್ಲ. ಹಿರಿಯರ ಕೈಯಿಂದ ಫೋನನ್ನು ಕಸಿದು ‘ಕೊಡಿ, ನಾನೇ ಮಾಡುತ್ತೇನೆ’ ಎನ್ನುವುದು ಸುಲಭ. ಅವರ ಬೆರಳಿನಿಂದಲೇ ಗುಂಡಿಯನ್ನು ಒತ್ತಿಸುವುದು, ಒಂದೇ ಸಂಗತಿಯನ್ನು ಹತ್ತು ಸಲ ಕೇಳಿದರೂ ಬೇಸರಿಸದೆ ಹೇಳುವುದು, ಅವರ ಗುಪ್ತಸಂಖ್ಯೆಯನ್ನು ಅವರಲ್ಲಿಯೇ ಉಳಿಯಗೊಡುವುದು ಕಷ್ಟ. ಆದರೆ ಅವರ ನಂಬಿಕೆ ಬೆಳೆಯುವುದು ಈ ಕಷ್ಟದ ಹಾದಿಯಲ್ಲಿಯೇ. ಮುಂದೆ ಇಂಥ ಇನ್ನೊಂದು ಆಪತ್ತು ಬಂದರೆ ಯಾರೂ ದಡದಲ್ಲಿ ಒಂಟಿಯಾಗಿ ಉಳಿಯದಂತೆ ನೋಡಿಕೊಳ್ಳುವ ಕೆಲಸ ಇಂದಿನಿಂದಲೇ, ನಮ್ಮ ನಮ್ಮ ಮನೆಗಳಿಂದಲೇ ಆರಂಭವಾಗಬೇಕು.

ಅಭ್ಯಾಸ

1. 1898ರ ಪ್ಲೇಗಿನ ಕಾಲದ ದೂರವಾಣಿಗೂ 2020ರ ಸ್ಮಾರ್ಟ್‌ಫೋನಿಗೂ ಲೇಖಕರು ಕಾಣುವ ವ್ಯತ್ಯಾಸವೇನು?
2. ಬಡವರ ಹಿಂಜರಿಕೆಯನ್ನು ‘ಲೆಕ್ಕಾಚಾರ’ ಎಂದು ಕರೆದಿರುವುದು ಏಕೆ? ವಿವರಿಸಿ.
3. ‘ಮನೆಗೆ ಬಂದ ವಸ್ತು ಮನೆಯವರೆಲ್ಲರ ಕೈಗೂ ಬಂದಂತಲ್ಲ.’ ಈ ವಾಕ್ಯವನ್ನು ಸಂದರ್ಭದೊಡನೆ ಸ್ಪಷ್ಟಪಡಿಸಿ.
4. ಲಸಿಕೆ ನೀಡಿಕೆಯ ವ್ಯವಸ್ಥೆಯಲ್ಲಿ 2021ರ ಮೇ, ಜೂನ್ ತಿಂಗಳುಗಳಲ್ಲಿ ಆದ ಬದಲಾವಣೆಗಳನ್ನು ಬರೆಯಿರಿ.
5. ನಿಮ್ಮ ಮನೆಯ ಅಥವಾ ನೆರೆಯ ಹಿರಿಯರೊಬ್ಬರಿಗೆ ಫೋನಿನ ಒಂದು ಉಪಯೋಗವನ್ನು ಕಲಿಸಿ, ಅವರು ಎದುರಿಸಿದ ತೊಡಕುಗಳನ್ನು ಹತ್ತು ವಾಕ್ಯಗಳಲ್ಲಿ ಬರೆದು ತರಗತಿಯಲ್ಲಿ ಓದಿ.